ಹೊಟ್ಟೆಯ ಮಾತು



ಇವತ್ತಿನ ಉಪನ್ಯಾಸದ ದತ್ತಿಯನ್ನು ಇಟ್ಟವರು ಒಬ್ಬ ನಿವೃತ್ತ ಮೇಷ್ಟ್ರು. ತೀರಿಹೋದ ಹೆಂಡತಿಯ ನೆನಪಿಗೆ, ನಿವೃತ್ತಿಯಲ್ಲಿ ಬಂದ ಹಣದ ಒಂದು ಪಾಲನ್ನು ಠೇವಣಿ ಇಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಆರೋಗ್ಯದ ಉಪನ್ಯಾಸ ನಡೆಯಲಿ ಎಂದಿದ್ದಾರೆ. ತಮ್ಮ ಹೆಸರನ್ನು ವೇದಿಕೆಯಲ್ಲಿ ಹೇಳಬಾರದು ಎಂಬುದೊಂದೇ ಅವರ ಷರತ್ತು. ನನ್ನನ್ನು ಕರೆಯಲು ಮನೆಗೆ ಬಂದ ದಿನ ಅವರು ಹೆಂಡತಿಯ ಕಾಯಿಲೆಯ ಬಗ್ಗೆ ಒಂದು ಸಂಗತಿ ಹೇಳಿದರು. ಇವತ್ತಿನ ವಿಷಯ ನಿರ್ಧಾರವಾದದ್ದು ಆಗಲೇ. ಆ ಸಂಗತಿಯನ್ನು ಕೊನೆಯಲ್ಲಿ, ಅವರ ಒಪ್ಪಿಗೆಯಿಂದಲೇ, ನಿಮ್ಮ ಮುಂದಿಡುತ್ತೇನೆ.

ನಾನು ಮೂವತ್ತು ವರ್ಷ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸಕನಾಗಿ ಕೆಲಸ ಮಾಡಿದವನು. ಹೊಟ್ಟೆಯ ತೊಂದರೆ ಹೇಳಿಕೊಂಡು ಬಂದವರ ಬಾಯಲ್ಲಿ ಅತಿ ಹೆಚ್ಚು ಕೇಳಿದ ಪದ ಒಂದೇ: 'ಗ್ಯಾಸ್ಟ್ರಿಕ್'. ಎದೆಯುರಿದರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್, ತಲೆ ಸುತ್ತಿದರೂ ಗ್ಯಾಸ್ಟ್ರಿಕ್. ಆ ಪದ ಇಂಗ್ಲಿಷಿನಲ್ಲಿ ಯಾವ ಕಾಯಿಲೆಯ ಹೆಸರೂ ಅಲ್ಲ. 'ಜಠರಕ್ಕೆ ಸಂಬಂಧಪಟ್ಟ' ಎಂದಷ್ಟೇ ಅದರ ಅರ್ಥ. ಗ್ಯಾಸಿಗೂ ಅದಕ್ಕೂ ನಂಟಿಲ್ಲ. ನಮ್ಮಲ್ಲಿ ಮಾತ್ರ ಅದು ಕಾಯಿಲೆಯ ಹೆಸರಾಗಿ, ಆ ಹೆಸರಿಗೊಂದು ಮಾತ್ರೆಯೂ ಗೊತ್ತಾಗಿ, ಅಲ್ಲಿಗೆ ವಿಚಾರಣೆಯೇ ಮುಗಿದುಹೋಗುತ್ತದೆ.

ಕನ್ನಡದಲ್ಲಿ ಹೊಟ್ಟೆಯ ನೋವಿಗೆ ಎಷ್ಟು ಮಾತುಗಳಿವೆ ನೋಡಿ. ಹೊಟ್ಟೆ ನುಲಿಯುತ್ತದೆ, ಹಿಂಡುತ್ತದೆ, ಉರಿಯುತ್ತದೆ, ಚುಚ್ಚುತ್ತದೆ, ತಿವಿಯುತ್ತದೆ, ತೊಳಸುತ್ತದೆ, ಉಬ್ಬರಿಸುತ್ತದೆ, ಬಿಗಿಯುತ್ತದೆ. ಕೇಳುವ ವೈದ್ಯನಿಗೆ ಇವು ಎಂಟೂ ಬೇರೆ ಬೇರೆ ಸುದ್ದಿ. ಸ್ಕ್ಯಾನಿಂಗ್ ಬರುವ ಮೊದಲು ನಮ್ಮ ಗುರುಗಳು ಅರ್ಧ ರೋಗನಿರ್ಣಯವನ್ನು ಇಂಥ ಮಾತುಗಳಿಂದಲೇ ಮಾಡುತ್ತಿದ್ದರು. ಇವತ್ತು ಇಲ್ಲಿ ನಾನು ಹೇಳಬೇಕಾದದ್ದು ಇಷ್ಟೆ: ಹೊಟ್ಟೆಯ ತೊಂದರೆಗೆ ಹೆಸರಿಡುವ ಕೆಲಸವನ್ನು ವೈದ್ಯರಿಗೆ ಬಿಡಿ. ಅದು ಹೇಗಿದೆ, ಎಲ್ಲಿದೆ, ಯಾವಾಗಿನಿಂದ ಇದೆ, ಯಾವ ಬಣ್ಣ ತೋರಿಸುತ್ತಿದೆ ಎಂಬುದನ್ನು ನಿಮ್ಮದೇ ಮಾತಿನಲ್ಲಿ ಹೇಳಿ.

ಒಬ್ಬ ಅಜ್ಜಿಯ ನೆನಪಾಗುತ್ತದೆ. ಎಪ್ಪತ್ತು ದಾಟಿದ, ಸಣ್ಣ ದೇಹದ ಹೆಂಗಸು. ಹಬ್ಬದ ಮಾರನೆಯ ದಿನ ಮಗ ಕರೆತಂದಿದ್ದ. "ಗ್ಯಾಸ್ಟ್ರಿಕ್ಕು ಸಾರ್, ನಿನ್ನೆ ಒಬ್ಬಟ್ಟು ಜಾಸ್ತಿ ತಿಂದವ್ರೆ, ಒಂದು ಇಂಜೆಕ್ಷನ್ ಕೊಟ್ಬಿಡಿ" ಎಂದ. ನಾನು ಅಜ್ಜಿಯ ಕಡೆ ತಿರುಗಿ "ಏನಾಗ್ತದೆ ಹೇಳಮ್ಮ" ಎಂದೆ. "ಒಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂಗಾಗ್ತದೆ ಕಣಪ್ಪ. ಹಿಂಡಿ ಹಿಂಡಿ ಬಿಡ್ತದೆ. ಬಿಟ್ಟಾಗ ಏನೂ ಇಲ್ಲ. ಮತ್ತೆ ಹಿಂಡ್ತದೆ" ಎಂದರು. ಗಾಳಿ ಹೋಗಿದೆಯೇ ಎಂದು ಕೇಳಿದರೆ ಹಿಂದಿನ ಮಧ್ಯಾಹ್ನದಿಂದ ಇಲ್ಲ. ವಾಂತಿ ಮೊದಲು ಊಟದ್ದು, ಆಮೇಲೆ ಹಸಿರು.

ಅಲ್ಲಿಗೆ ನನಗೆ ಮುಕ್ಕಾಲು ಭಾಗ ತಿಳಿಯಿತು. ಹಿಂಡಿ ಬಿಡುವ ನೋವು ಕೊಳವೆಯ ನೋವು. ಮುಂದೆ ದಾರಿ ಕಟ್ಟಿಕೊಂಡಾಗ ಕರುಳು ಒಳಗಿರುವುದನ್ನು ತಳ್ಳಲು ಬಿಗಿಯುತ್ತದೆ, ಸೋತು ಸಡಿಲಾಗುತ್ತದೆ, ಮತ್ತೆ ಬಿಗಿಯುತ್ತದೆ. ದಾದಿಯನ್ನು ಕರೆದು ಪರದೆ ಎಳೆದು ಪರೀಕ್ಷಿಸಿದಾಗ ಬಲ ತೊಡೆಸಂದಿಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು ಸಿಕ್ಕಿತು. ಮುಟ್ಟಿದರೆ ನೋಯುವ, ಒತ್ತಿದರೆ ಒಳಗೆ ಹೋಗದ ಗಂಟು. ಎಷ್ಟು ವರ್ಷದಿಂದ ಇದೆ ಎಂದರೆ ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಸುಮ್ಮನಾದರು. ಆ ಜಾಗದ ಮಾತನ್ನು ಮಗನಿಗೆ ಹೇಗೆ ಹೇಳುವುದು? ಅದು ಹರ್ನಿಯಾ. ಕರುಳಿನ ಒಂದು ಮಡಿಕೆ ಅಲ್ಲಿ ಸಿಕ್ಕಿಕೊಂಡು ರಕ್ತ ಹರಿಯುವುದು ನಿಲ್ಲುವ ಹಂತಕ್ಕೆ ಬಂದಿತ್ತು. ಸಂಜೆಯೇ ಆಪರೇಷನ್ ಆಯಿತು. ಕರುಳು ಇನ್ನೂ ಬದುಕಿತ್ತು, ಅಜ್ಜಿಯೂ ಬದುಕಿದರು. ಅವರನ್ನು ಉಳಿಸಿದ್ದರಲ್ಲಿ ನನ್ನ ಕತ್ತರಿಯಷ್ಟೇ ಪಾಲು ಅವರ ಒದ್ದೆ ಬಟ್ಟೆಯ ಮಾತಿಗೂ ಇದೆ.

ಇನ್ನು ಕೆಲವು ನೋವುಗಳ ಮಾತು ಕೇಳಿ. ಅಪೆಂಡಿಕ್ಸ್ ಊದಿಕೊಂಡಾಗ ನೋವು ಸಾಮಾನ್ಯವಾಗಿ ಹೊಕ್ಕಳ ಸುತ್ತ ಶುರುವಾಗುತ್ತದೆ. ಅಪೆಂಡಿಕ್ಸ್ ಇರುವುದು ಹೊಟ್ಟೆಯ ಬಲಕ್ಕೆ ಕೆಳಗೆ. ಆದರೆ ಕರುಳಿನ ಆ ಭಾಗದ ನರಗಳೂ ಹೊಕ್ಕಳಿನ ಚರ್ಮದ ನರಗಳೂ ಬೆನ್ನುಹುರಿಯ ಒಂದೇ ಮಟ್ಟಕ್ಕೆ ಸೇರುವುದರಿಂದ ಮೆದುಳಿಗೆ ಮೊದಲು ಜಾಗ ತಿಳಿಯುವುದಿಲ್ಲ. ಕೆಲವು ಗಂಟೆ ಕಳೆದು ಊತ ಹೊಟ್ಟೆಯ ಒಳಪೊರೆಗೆ ತಗುಲಿದಾಗ ನೋವು ಬಲಕ್ಕಿಳಿದು ಒಂದು ಕಡೆ ನಿಲ್ಲುತ್ತದೆ. ಕೆಮ್ಮಿದರೆ, ಹಳ್ಳ ಬಿದ್ದ ರಸ್ತೆಯಲ್ಲಿ ಗಾಡಿ ಕುಲುಕಿದರೆ ಜೀವ ಹೋದಂತಾಗುತ್ತದೆ. ಆದ್ದರಿಂದ "ಹೊಕ್ಕಳ ಹತ್ತಿರ ಇತ್ತು, ಈಗ ಇಲ್ಲಿಗೆ ಬಂದಿದೆ" ಎಂಬ ಮಾತನ್ನು ಯಾವ ವೈದ್ಯನೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಮೇಲ್ಹೊಟ್ಟೆಯಲ್ಲಿ ಚೂರಿ ಹಾಕಿದ ಹಾಗೆ, ಇಂಥ ನಿಮಿಷಕ್ಕೆ ಎಂದು ಹೇಳಬಹುದಾದಂತೆ ಒಮ್ಮೆಗೇ ಬಂದು, ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿ, ರೋಗಿ ಅಲುಗಾಡದೆ ಮಲಗಿಬಿಟ್ಟರೆ ಅಲ್ಸರ್ ತೂತಾಗಿರಬಹುದು. ಮೇಲ್ಹೊಟ್ಟೆಯಿಂದ ಬೆನ್ನಿಗೆ ತೂರಿಹೋಗುವ, ಮುಂದಕ್ಕೆ ಬಾಗಿ ಕೂತರೆ ಒಂದಿಷ್ಟು ಹಗುರಾಗುವ ನೋವು ಮೇದೋಜೀರಕ ಗ್ರಂಥಿಯದು. ಅದರ ಎರಡು ದೊಡ್ಡ ಕಾರಣಗಳು ಹೆಂಡ ಮತ್ತು ಪಿತ್ತಕೋಶದ ಕಲ್ಲು. ಮಕ್ಕಳಾಗುವ ವಯಸ್ಸಿನ ಹೆಣ್ಣುಮಗಳಿಗೆ ಮುಟ್ಟು ತಡವಾಗಿ ಕೆಳಹೊಟ್ಟೆ ನೋಯುತ್ತಾ ತಲೆ ಸುತ್ತಿ ಬಂದರೆ, ಗರ್ಭ ನಾಳದಲ್ಲಿ ನಿಂತು ಒಡೆದಿದೆಯೇ ಎಂದು ಮೊದಲು ನೋಡಬೇಕು. ಮದುವೆಯಾಗಿದೆಯೋ ಇಲ್ಲವೋ ಎಂಬ ಸಂಕೋಚದಲ್ಲಿ ಆ ಪ್ರಶ್ನೆಯನ್ನು ಮನೆಯವರೂ ವೈದ್ಯರೂ ನುಂಗಿಕೊಳ್ಳಬಾರದು.

ಮೇಲ್ಹೊಟ್ಟೆಯ ಇನ್ನೊಂದು ನೋವಿದೆ. ಅದನ್ನು ಹೇಳುವಾಗ ನನ್ನ ತಪ್ಪನ್ನೂ ಹೇಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ರಾತ್ರಿ ಪಾಳಿಯಲ್ಲಿ ಐವತ್ತರ ಆಸುಪಾಸಿನ ರೈತರೊಬ್ಬರು ಬಂದರು. ಅಂಗಿ ಬೆವರಿಗೆ ಒದ್ದೆಯಾಗಿತ್ತು. ಎರಡು ಪಕ್ಕೆಲುಬು ಸೇರುವ ಕಡೆ ಅಂಗೈ ಇಟ್ಟುಕೊಂಡು "ಇಲ್ಲಿ ಭಾರ ಹೇರಿದಂಗೆ ಐತೆ" ಎಂದರು. ಜೊತೆಗೆ ಬಂದವರು ಗ್ಯಾಸ್ಟ್ರಿಕ್ ಎಂದರು, ನಾನೂ ಅದನ್ನೇ ಚೀಟಿಯಲ್ಲಿ ಬರೆದೆ. ಆಸಿಡ್ ಕಡಿಮೆ ಮಾಡುವ ಇಂಜೆಕ್ಷನ್ ಕೊಟ್ಟು ಮಲಗಿಸಿದೆ. ಇಸಿಜಿ ಮಾಡಲಿಲ್ಲ. ಬೆಳಗಿನ ಜಾವಕ್ಕೆ ಅವರು ತೀರಿಕೊಂಡರು. ಅದು ಹೃದಯಾಘಾತವಾಗಿತ್ತು. ಹೃದಯದ ಕೆಳಭಾಗ ವಪೆಯ ಮೇಲೇ ಕೂತಿದೆ, ಅಲ್ಲಿ ರಕ್ತ ನಿಂತರೆ ನೋವು ಹೊಟ್ಟೆಯಲ್ಲಿ ಕಾಣಿಸಿಕೊಳ್ಳಬಹುದು ಎಂಬ ಪಾಠ ನನಗೆ ಗೊತ್ತಿತ್ತು. 'ಭಾರ ಹೇರಿದಂಗೆ' ಎಂದು ಅವರು ಸರಿಯಾಗಿಯೇ ಹೇಳಿದ್ದರು. ಕೇಳಿಸಿಕೊಳ್ಳದವನು ನಾನು. ಅವತ್ತಿನಿಂದ ನಲವತ್ತು ದಾಟಿದವರ ಮೇಲ್ಹೊಟ್ಟೆ ನೋವಿಗೆ ಇಸಿಜಿ ನೋಡದೆ ಹೆಸರಿಟ್ಟಿಲ್ಲ. ಬೆವರು, ಉಸಿರುಕಟ್ಟು, ದವಡೆಗೋ ತೋಳಿಗೋ ಹರಿಯುವ ನೋವು ಜೊತೆಗಿದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದರೆ, ಸೋಡಾ ಕುಡಿದು ಕಾಯಬೇಡಿ. ಇಸಿಜಿ ಇರುವ ಕಡೆಗೆ ಹೊರಡಿ, ಇಸಿಜಿ ಮಾಡಿ ಎಂದು ಬಾಯಿಬಿಟ್ಟು ಕೇಳಿ.

ನೋವಿನ ನಂತರ ಬಣ್ಣ. ವಾಂತಿ, ಮಲ, ಮೂತ್ರ, ಕಣ್ಣು, ಈ ನಾಲ್ಕರ ಬಣ್ಣ ಹೇಳಲು ನಾಚಿಕೆಪಡಬೇಡಿ. ರಸ್ತೆಯ ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಹೋಗುವ ಮಲ ಎಂದರೆ ಜಠರದಲ್ಲೋ ಅದರ ಹತ್ತಿರದಲ್ಲೋ ರಕ್ತ ಸೋರಿ, ಜೀರ್ಣವಾಗಿ ಕೆಳಗೆ ಬಂದಿದೆ ಎಂದರ್ಥ. ಕಬ್ಬಿಣದ ಮಾತ್ರೆ ನುಂಗುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಹಾಗೆ ಅಂಟುವುದಿಲ್ಲ. ವಾಂತಿಯಲ್ಲಿ ಕಾಫಿ ಗಸಿಯಂಥದ್ದು ಬಂದರೆ ಅದೂ ಹಳೆಯ ರಕ್ತವೇ. ಮಂಡಿ ನೋವಿಗೆಂದು ಮೆಡಿಕಲ್ಲಿನಿಂದ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆಗಳು ಈ ರಕ್ತಸ್ರಾವದ ಮುಖ್ಯ ಕಾರಣಗಳಲ್ಲಿ ಒಂದು. ಅವು ಜಠರದ ಒಳಗೋಡೆಯ ರಕ್ಷಣೆಯನ್ನೇ ಕಳೆಯುತ್ತವೆ. ಹುಣ್ಣಾದರೂ ನೋವು ಗೊತ್ತಾಗದೆ, ಮೊದಲ ಸುದ್ದಿ ಕಪ್ಪು ಮಲದಲ್ಲೇ ಬರಬಹುದು.

ಕಣ್ಣು ಹಳದಿಯಾದರೆ ನಾವು ಕಾಮಾಲೆ ಎಂದು ಹೆಸರಿಟ್ಟು ಸೊಪ್ಪಿನ ಔಷಧಿ ಹುಡುಕಿಕೊಂಡು ಹೊರಡುತ್ತೇವೆ. ಕಾಮಾಲೆ ಒಂದು ಗುರುತು, ಅದರ ಹಿಂದೆ ಹತ್ತಾರು ಕಾಯಿಲೆಗಳಿರಬಹುದು. ವೈರಸ್ಸಿನ ಕಾಮಾಲೆ ಬಹಳ ಮಂದಿಗೆ ತಾನಾಗಿಯೇ ಇಳಿಯುತ್ತದೆ, ಕೀರ್ತಿ ಸೊಪ್ಪಿಗೆ ಹೋಗುತ್ತದೆ. ಆದರೆ ಮಲ ಬಿಳಿ ಜೇಡಿಯಂತಾಗಿ, ಮೂತ್ರ ಗಾಢವಾಗಿ, ಮೈಯೆಲ್ಲ ತುರಿಕೆ ಹತ್ತಿದರೆ ಪಿತ್ತನಾಳ ಎಲ್ಲೋ ಕಟ್ಟಿರಬಹುದು. ಕಲ್ಲಿರಬಹುದು. ವಯಸ್ಸಾದವರಲ್ಲಿ ನೋವಿಲ್ಲದೆ ಹೀಗಾದರೆ ಗಡ್ಡೆಯೂ ಇರಬಹುದು. ಕಾಮಾಲೆಯ ಜೊತೆ ನಡುಕದ ಜ್ವರ ಬಂದರೆ, ಅಥವಾ ಮಾತು ತೊದಲಿ ಮಂಪರು ಕವಿದರೆ, ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಕೆಂಪು ರಕ್ತ ಕಂಡರೆ ನಾವಿಡುವ ಹೆಸರು ಮೂಲವ್ಯಾಧಿ. ಬಹಳ ಸಲ ಅದು ಮೂಲವ್ಯಾಧಿಯೇ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲೂ ಅದೇ ಕೆಂಪು ರಕ್ತ ಬರುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ವೈದ್ಯರು ಬೆರಳಿನಿಂದ ಮಾಡುವ ಒಂದು ನಿಮಿಷದ ಪರೀಕ್ಷೆಯಲ್ಲಿ ಗುದನಾಳದ ಎಷ್ಟೋ ಗಡ್ಡೆಗಳು ಸಿಕ್ಕಿಬಿಡುತ್ತವೆ. ಮಲ ಹೋಗುವ ರೂಢಿ ಮೂರು ನಾಲ್ಕು ವಾರದಿಂದ ಬದಲಾಗಿದ್ದರೆ, ಹೋದರೂ ಪೂರ್ತಿ ಹೋಗಲಿಲ್ಲ ಅನ್ನಿಸುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಮುಲಾಮಿನಲ್ಲಿ ಕಾಲ ಕಳೆಯದೆ ಆ ಪರೀಕ್ಷೆಗೆ ಒಪ್ಪಿ. ಬೇಕಾದರೆ ದೊಡ್ಡ ಕರುಳಿನ ಒಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೋಸ್ಕೋಪಿಗೂ ಒಪ್ಪಿ. ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಕಾರಣವಿಲ್ಲದೆ ರಕ್ತ ಕಡಿಮೆಯಾದರೆ ಅದು ಕರುಳಿನಲ್ಲಿ ಸೋರುತ್ತಿದೆಯೇ ಎಂದು ಹುಡುಕಬೇಕು. ಹುಡುಕದೆ ಟಾನಿಕ್ ಕೊಡುವುದು ತೂತು ಬಿದ್ದ ಕೊಡಕ್ಕೆ ನೀರು ಸೇದಿ ಸುರಿದ ಹಾಗೆ.

ಮೂರನೆಯದು ಕಾಲ. 1886ರಲ್ಲಿ ಬಾಸ್ಟನ್ನಿನ ವೈದ್ಯ ರೆಜಿನಾಲ್ಡ್ ಫಿಟ್ಜ್, ಬಲಗಡೆಯ ಕೆಳಹೊಟ್ಟೆಯಲ್ಲಿ ಕೀವು ತುಂಬಿ ಜನ ಸಾಯುವುದು ಬಹುಪಾಲು ಅಪೆಂಡಿಕ್ಸಿನಿಂದ, ಬೇಗ ಆಪರೇಷನ್ ಮಾಡಬೇಕು ಎಂದು ತೋರಿಸಿಕೊಟ್ಟರು. ಅದಾಗಿ ಹದಿನಾರು ವರ್ಷವಾದ ಮೇಲೂ ಒಬ್ಬ ಚಕ್ರವರ್ತಿ ತಡ ಮಾಡಿದರು. 1902ರ ಜೂನ್ 26ಕ್ಕೆ ಬ್ರಿಟನ್ನಿನ ಏಳನೆಯ ಎಡ್ವರ್ಡ್ ಅವರ ಪಟ್ಟಾಭಿಷೇಕ ನಿಗದಿಯಾಗಿತ್ತು. ಹೊಟ್ಟೆನೋವು ಬಂದು ದಿನಗಳಾಗಿದ್ದರೂ ಸಮಾರಂಭ ಮುಗಿಯಲಿ ಎಂದು ಅವರು ಹಟ ಹಿಡಿದರು. ಕೊನೆಗೆ 24ರಂದು ಶಸ್ತ್ರಚಿಕಿತ್ಸಕ ಫ್ರೆಡರಿಕ್ ಟ್ರೀವ್ಸ್ ಹೊಟ್ಟೆ ತೆರೆದು ಕೀವು ತೆಗೆದರು. ಪಟ್ಟಾಭಿಷೇಕ ಆಗಸ್ಟ್ 9ಕ್ಕೆ ಹೋಯಿತು, ದೊರೆ ಉಳಿದರು. ಅದೇ ಟ್ರೀವ್ಸ್ ತಮ್ಮ ಸ್ವಂತ ಮಗಳನ್ನು ಅದೇ ಕಾಯಿಲೆಯಲ್ಲಿ ಕಳೆದುಕೊಂಡಿದ್ದರು. ವೈದ್ಯನ ಮನೆಯೆಂದು ಕಾಯಿಲೆ ಸಮಯ ಕೊಡುವುದಿಲ್ಲ.

1921ರಲ್ಲಿ ಲಂಡನ್ನಿನ ಶಸ್ತ್ರಚಿಕಿತ್ಸಕ ಜಕಾರಿ ಕೋಪ್ ಹೊಟ್ಟೆಯ ತುರ್ತು ಕಾಯಿಲೆಗಳ ಬಗ್ಗೆ ಬರೆದ ಪುಸ್ತಕ ಇವತ್ತಿಗೂ ವಿದ್ಯಾರ್ಥಿಗಳ ಕೈಯಲ್ಲಿದೆ. ಅದರ ಒಂದು ಸೂತ್ರವನ್ನು ಪ್ರತಿ ಮನೆಯೂ ನೆನಪಿಡಬಹುದು: ಅಲ್ಲಿಯವರೆಗೆ ಚೆನ್ನಾಗಿದ್ದವರಿಗೆ ಬಂದ ಜೋರು ಹೊಟ್ಟೆನೋವು ಆರು ಗಂಟೆ ದಾಟಿಯೂ ನಿಲ್ಲದಿದ್ದರೆ, ಅದನ್ನು ಶಸ್ತ್ರಚಿಕಿತ್ಸಕರು ನೋಡಬೇಕು. ಆರು ಗಂಟೆ ಕಾದೇ ಹೋಗಬೇಕೆಂದು ಇದರರ್ಥವಲ್ಲ. ರಕ್ತ ಕಂಡರೆ, ಹೊಟ್ಟೆ ಗಟ್ಟಿಯಾದರೆ, ಪ್ರಜ್ಞೆ ತಪ್ಪಿದರೆ ಆರು ನಿಮಿಷವೂ ಕಾಯಬೇಡಿ.

ಕಾಲದ ವಿಷಯದಲ್ಲಿ ಒಂದು ಮೋಸವಿದೆ. ಪಿಯುಸಿ ಓದುತ್ತಿದ್ದ ಹಾಸ್ಟೆಲ್ ಹುಡುಗನೊಬ್ಬ ಎರಡು ದಿನ ನೋವು ತಿಂದು, ಮೂರನೆಯ ದಿನ ಬೆಳಗ್ಗೆ "ಈಗ ಪರವಾಗಿಲ್ಲ" ಎಂದನಂತೆ. ಎಲ್ಲರೂ ನಿಟ್ಟುಸಿರು ಬಿಟ್ಟರು. ಅಪೆಂಡಿಕ್ಸ್ ಒಡೆದು ಒತ್ತಡ ಇಳಿದದ್ದರಿಂದ ನೋವು ತಗ್ಗಿತ್ತು. ಸಂಜೆಗೆ ಹೊಟ್ಟೆಯೆಲ್ಲ ಕೀವು. ಅವನು ಉಳಿದ, ಆದರೆ ಮೂರು ದಿನದಲ್ಲಿ ಮನೆಗೆ ಹೋಗಬೇಕಾದವನು ಒಂದು ತಿಂಗಳು ವಾರ್ಡಿನಲ್ಲಿದ್ದ. ನೋವು ಕಡಿಮೆಯಾಗಿಯೂ ಜ್ವರ, ನಾಡಿಯ ಓಟ, ಹೊಟ್ಟೆಯ ಉಬ್ಬರ ಹೆಚ್ಚುತ್ತಿದ್ದರೆ ಅದು ಗುಣವಾಗುತ್ತಿರುವ ಲಕ್ಷಣವಲ್ಲ.

ತಿಂಗಳುಗಳಲ್ಲಿ ಅಳೆಯಬೇಕಾದ ಕಾಯಿಲೆಗಳೂ ಇವೆ. ಅಲ್ಸರ್ ಖಾರದಿಂದ, ಚಿಂತೆಯಿಂದ ಬರುತ್ತದೆ ಎಂದು ವೈದ್ಯರೂ ಬಹಳ ಕಾಲ ನಂಬಿದ್ದರು. ಆಸ್ಟ್ರೇಲಿಯಾದ ಪರ್ತ್ ನಗರದ ವೈದ್ಯರಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಜಠರದಲ್ಲಿ ಒಂದು ಸುರುಳಿ ಬ್ಯಾಕ್ಟೀರಿಯಾ ಕಂಡು, 1982ರಲ್ಲಿ ಅದನ್ನು ಬೆಳೆಸಿದರು. ಅಲ್ಸರಿಗೆ ಅದು ಕಾರಣ ಎಂಬುದನ್ನು ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಆ ಬ್ಯಾಕ್ಟೀರಿಯಾವನ್ನು ಸುಮಾರು ಎರಡು ವಾರದ ಔಷಧಿಯಿಂದ ಓಡಿಸಬಹುದು. ಜಠರದ ಕ್ಯಾನ್ಸರಿಗೂ ಅದು ಕಾರಣವಾಗುತ್ತದೆ. ಹೀಗಿರುವಾಗ ಬೆಳಗ್ಗೆ ಖಾಲಿ ಹೊಟ್ಟೆಗೆ ಆಸಿಡ್ ಮಾತ್ರೆ ನುಂಗುತ್ತಾ ವರ್ಷ ತಳ್ಳುವುದು ಸರಿಯೇ? ಆ ಮಾತ್ರೆ ಕ್ಯಾನ್ಸರಿನ ಹುಣ್ಣಿನ ಉರಿಯನ್ನೂ ಕೆಲಕಾಲ ತಗ್ಗಿಸಬಲ್ಲದು. ಐವತ್ತರ ಸುಮಾರಿಗೆ ಹೊಸದಾಗಿ ಅಜೀರ್ಣ ಶುರುವಾದವರು, ತೂಕ ಇಳಿಯುತ್ತಿರುವವರು, ಪದೇಪದೇ ವಾಂತಿಯಾಗುವವರು, ಎರಡು ತುತ್ತಿಗೇ ಹೊಟ್ಟೆ ತುಂಬಿತು ಅನ್ನುವವರು ಎಂಡೋಸ್ಕೋಪಿ ಮಾಡಿಸಬೇಕು. ಗಂಟಲಿಗೆ ಮರಗಟ್ಟುವ ಔಷಧಿ ಸಿಂಪಡಿಸಿ ಕೆಲವು ನಿಮಿಷದಲ್ಲಿ ಮುಗಿಸುವ ಪರೀಕ್ಷೆ ಅದು.

ಇನ್ನು ಮಕ್ಕಳ ವಿಷಯ. ವಾಂತಿಭೇದಿಯಲ್ಲಿ ಮಗುವನ್ನು ಕೊಲ್ಲುವುದು ನೀರಿನ ಕೊರತೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿತು. ನೆಲವೆಲ್ಲ ರೋಗಿಗಳು, ಡ್ರಿಪ್ ಬಾಟಲಿ ಮುಗಿಯುತ್ತಾ ಬಂದಿತ್ತು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸೋಡಾ, ಗ್ಲುಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಅವರು ತೀರಿಕೊಂಡ ಮೇಲೆ, 2023ರಲ್ಲಿ ದೇಶ ಪದ್ಮವಿಭೂಷಣ ಕೊಟ್ಟಿತು. ಕರುಳಿನ ಗೋಡೆ ಸಕ್ಕರೆಯನ್ನು ಒಳಗೆ ಬಿಡುವಾಗ ಉಪ್ಪನ್ನೂ ಜೊತೆಗೆ ಎಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಓಆರ್‌ಎಸ್ ಪೊಟ್ಟಣದ ಗುಟ್ಟು ಇಷ್ಟೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಹಾಕಿ, ಚಮಚ ಚಮಚವಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಉಚ್ಚೆ ನಿಂತರೆ, ಮಗು ಮಂಕಾಗಿ ಕುಡಿಯಲೂ ಒಲ್ಲದಿದ್ದರೆ ಆಸ್ಪತ್ರೆಗೆ ಓಡಿ. ಹಸುಗೂಸು ಹಸಿರು ವಾಂತಿ ಮಾಡಿದರೆ, ಅಥವಾ ಎಳೆಮಗು ಕಾಲು ಮಡಚಿ ಕಿರುಚಿ, ಸುಮ್ಮನಾಗಿ, ಮತ್ತೆ ಕಿರುಚಿ, ಕೆಂಪು ಲೋಳೆಯಂಥ ಮಲ ಹೋದರೆ, ಅದು ದೃಷ್ಟಿಯಲ್ಲ, ಕರುಳು ತಿರುಚಿರಬಹುದು ಅಥವಾ ಒಂದರೊಳಗೊಂದು ಸೇರಿಕೊಂಡಿರಬಹುದು.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಜೀರಿಗೆ ಕಷಾಯ, ಓಂಕಾಳು, ಇಂಗಿನ ಮಜ್ಜಿಗೆಯ ಬಗ್ಗೆ ನನ್ನ ತಕರಾರಿಲ್ಲ, ಹಬ್ಬದೂಟದ ಅಜೀರ್ಣಕ್ಕೆ ಅವು ಸಾಕು. ಜೋರು ನೋವಿನಲ್ಲಿ ಮಾತ್ರ ಹರಳೆಣ್ಣೆಯಂಥ ಭೇದಿ ಔಷಧಿ ಕೊಡಬೇಡಿ, ಊದಿದ ಅಪೆಂಡಿಕ್ಸನ್ನು ಅದು ಒಡೆಯಬಹುದು. ಬಟ್ಟಿ ಸರಿದಿದೆ ಎಂದು ಹೊಟ್ಟೆ ತಿಕ್ಕಿಸಬೇಡಿ. ಆಪರೇಷನ್ ಬೇಕಾಗಬಹುದಾದ್ದರಿಂದ ವೈದ್ಯರು ನೋಡುವವರೆಗೆ ಊಟ ಬೇಡ. ಒಂದು ಚೀಟಿಯಲ್ಲಿ ಬರೆಯಿರಿ: ನೋವು ಶುರುವಾದ ಗಂಟೆ, ಮೊದಲು ಎಲ್ಲಿತ್ತು, ಈಗ ಎಲ್ಲಿದೆ, ಕೊನೆಯ ಸಲ ಮಲ ಮತ್ತು ಗಾಳಿ ಹೋದದ್ದು ಯಾವಾಗ, ಹೆಣ್ಣುಮಕ್ಕಳಾದರೆ ಮುಟ್ಟಾದ ದಿನ. ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನೇ ತನ್ನಿ. ಮಲ, ವಾಂತಿಯ ಬಣ್ಣ ಹೇಳಲು ಬಾಯಿ ಬಾರದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿ. ರೋಗಿ ಬಿಳಿಚಿಕೊಂಡು ಬೆವರುತ್ತಿದ್ದರೆ ಸ್ಕೂಟರಿನಲ್ಲಿ ನಡುವೆ ಕೂರಿಸಿಕೊಂಡು ಹೋಗದೆ 108ಕ್ಕೆ ಕರೆ ಮಾಡಿ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ನೋವು ಕಡಿಮೆ ಇದ್ದರೂ ಒಳಗಿನ ಕಾಯಿಲೆ ದೊಡ್ಡದಿರಬಹುದು ಎಂಬುದು ನೆನಪಿರಲಿ.

ಈಗ ಮೇಷ್ಟ್ರು ಹೇಳಿದ ಸಂಗತಿ. ಅವರ ಹೆಂಡತಿ ಒಂದು ದಿನ ಊಟಕ್ಕೆ ಕೂತಾಗ "ಮುದ್ದೆ ಎದೇಲಿ ನಿಂತ್ಕೊಳ್ತದೆ ರೀ" ಎಂದರು. ಇವರು "ಗ್ಯಾಸ್ಟ್ರಿಕ್ಕು, ಬಿಸಿನೀರು ಕುಡಿ" ಎಂದರು. ಕೆಲವು ವಾರ ಕಳೆದು ಆಕೆ ಮುದ್ದೆ ಬಿಟ್ಟು ಅನ್ನಕ್ಕೆ ಬಂದರು. ಆಮೇಲೆ ಅನ್ನವನ್ನು ಕಿವುಚಿ ತಿಂದರು. ಆಮೇಲೆ ಗಂಜಿ. ಪ್ರತಿ ಬಾರಿಯೂ ಆಕೆ ಹೇಳಿದರು, ಪ್ರತಿ ಬಾರಿಯೂ ಮನೆಯವರು, ಮೆಡಿಕಲ್ಲಿನವರು ಅದೇ ಉತ್ತರ ಕೊಟ್ಟರು. ನೀರೂ ಇಳಿಯದಾದಾಗ ಎಂಡೋಸ್ಕೋಪಿ ಆಯಿತು. ಅನ್ನನಾಳದ ಕ್ಯಾನ್ಸರ್, ಆಪರೇಷನ್ನಿನ ಹಂತ ದಾಟಿತ್ತು.

ಮೊದಲು ಗಟ್ಟಿ ಆಹಾರ, ನಂತರ ಮೆತ್ತಗಿನದು, ಕೊನೆಗೆ ನೀರು ತಡೆಯುವುದು ಅನ್ನನಾಳದ ಗಡ್ಡೆಯ ಲಕ್ಷಣ ಎಂದು ನಾವು ಪುಸ್ತಕ ಓದಿ ಕಲಿಯುತ್ತೇವೆ. ಹೊಗೆಸೊಪ್ಪು, ಅಡಿಕೆ, ಹೆಂಡ ಅದರ ಮುಖ್ಯ ಕಾರಣಗಳು ಎಂಬುದನ್ನೂ ಓದುತ್ತೇವೆ. ಆ ತಾಯಿ ಅದೇ ಲಕ್ಷಣವನ್ನು ಮುದ್ದೆ, ಅನ್ನ, ಗಂಜಿ ಎಂಬ ಮೂರು ಮಾತಿನಲ್ಲಿ ಅನುಕ್ರಮ ತಪ್ಪದೆ ಹೇಳಿದ್ದರು. "ನಾನು ಮೂವತ್ತೈದು ವರ್ಷ ಕನ್ನಡ ಪಾಠ ಮಾಡಿದವನು ಡಾಕ್ಟ್ರೇ. ಅವಳಾಡಿದ ಕನ್ನಡ ನನಗೆ ಅರ್ಥವಾಗಲಿಲ್ಲ" ಎಂದು ಮೇಷ್ಟ್ರು ನನ್ನ ಎದುರು ಕೂತು ಅತ್ತರು. ನಾನು ಅವರಿಗೆ ಆ ರಾತ್ರಿ ಪಾಳಿಯ ರೈತನ ಸಂಗತಿ ಹೇಳಿದೆ.

ಇವತ್ತು ಮಧ್ಯಾಹ್ನ ನೀವೆಲ್ಲ ಮನೆಗೆ ಹೋಗಿ ಊಟಕ್ಕೆ ಕೂರುತ್ತೀರಿ. ಮನೆಯಲ್ಲಿ ಯಾರಾದರೂ ತಟ್ಟೆ ಬೇಗ ಸರಿಸಿ ಎದ್ದರೆ, ಈಚೆಗೆ ಗಂಜಿಯೇ ಸಾಕು ಎಂದರೆ, ಅವರ ಪಕ್ಕ ಕೂತು "ಏನಾಗ್ತದೆ, ನಿನ್ನ ಮಾತಲ್ಲೇ ಹೇಳು" ಎಂದು ಕೇಳಿ. ಅವರು ಹೇಳಿ ಮುಗಿಸುವ ತನಕ ಯಾವ ಹೆಸರನ್ನೂ ಇಡಬೇಡಿ. ಹೇಳಿದ್ದನ್ನು ಹಾಗೆಯೇ, ಒಂದು ಮಾತೂ ಬದಲಿಸದೆ, ವೈದ್ಯರ ಬಳಿಗೆ ತನ್ನಿ.